ನಕ್ಷೆ ಮೊದಲು, ಬಂಡವಾಳ ಆಮೇಲೆ: ಯೋಜನೆ ಗೆಲ್ಲಿಸುವ ಹನ್ನೊಂದು ಸೂತ್ರಗಳು

ಕೆ.ಆರ್. ನಗರದಲ್ಲಿ ನಾಲೆ ನೀರು, ಭತ್ತದ ಗದ್ದೆ. ಹುಣಸೂರು, ಪಿರಿಯಾಪಟ್ಟಣದಲ್ಲಿ ಕೆಂಪು ಮಣ್ಣು, ಹೊಗೆಸೊಪ್ಪು, ಎಲೆ ಹದಮಾಡುವ ಸಾಲು ಸಾಲು ಬ್ಯಾರನ್ನು. ಹಳೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಕಾಡಂಚು, ಹತ್ತಿ, ಜೊತೆಗೆ ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂಬ ನಾಲ್ಕು ಜಲಾಶಯ. ಮೈಸೂರು ಜಿಲ್ಲೆಯ ಅಕ್ಕಪಕ್ಕದ ತಾಲ್ಲೂಕುಗಳಿವು. ಆದರೂ ಒಂದರಲ್ಲಿ ಗೆದ್ದ ವ್ಯಾಪಾರ ಇನ್ನೊಂದರಲ್ಲಿ ಬಾಗಿಲು ಹಾಕುತ್ತದೆ, ಒಂದರಲ್ಲಿ ಜನಕ್ಕೆ ತಲುಪಿದ ಸರ್ಕಾರಿ ಯೋಜನೆ ಇನ್ನೊಂದರಲ್ಲಿ ಕಡತದಲ್ಲೇ ಉಳಿಯುತ್ತದೆ. ಎಷ್ಟೋ ಸಲ ದುಡ್ಡಿಗೂ ದುಡಿಮೆಗೂ ಕೊರತೆ ಇರುವುದಿಲ್ಲ, ಜಾಗದ ಲೆಕ್ಕ ತಪ್ಪಿರುತ್ತದೆ.

ಗೊಬ್ಬರದಂಗಡಿ ತೆರೆಯುವ ಯುವಕನಿಗೂ, ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಗೂ, ಪಂಚಾಯಿತಿ ಪಿಡಿಒಗೂ, ತಾಲ್ಲೂಕು ಆರೋಗ್ಯಾಧಿಕಾರಿಗೂ ಸವಾಲು ಒಂದೇ: ಇರುವ ಅಲ್ಪ ಹಣವನ್ನು ಸರಿಯಾದ ಜಾಗದಲ್ಲಿ ಹಾಕುವುದು. ಅದಕ್ಕೆ ಬೇಕಾದ ಮಾಹಿತಿಯ ಬಹುಪಾಲು ನಮ್ಮದೇ ತೆರಿಗೆ ಹಣದಲ್ಲಿ ಸಿದ್ಧವಾಗಿದೆ. ಅದನ್ನು ಬಳಸಿ ಗೆಲ್ಲುವ ದಾರಿಗಳು ಇಲ್ಲಿವೆ.

1. ‘ಎಷ್ಟು’ ಎನ್ನುವ ಮುಂಚೆ ‘ಎಲ್ಲಿ, ಯಾವಾಗ’ ಎಂದು ಕೇಳಿ

ಭತ್ತ ಕೊಯ್ಯುವ ಯಂತ್ರ ಕೊಂಡು ಬಾಡಿಗೆಗೆ ಬಿಡುವ ಯೋಚನೆ ನಿಮ್ಮದು ಅನ್ನಿ. ಕೆ.ಆರ್. ನಗರ ತಾಲ್ಲೂಕಿನಲ್ಲಿ ಇಷ್ಟು ಎಕರೆ ಭತ್ತವಿದೆ ಎಂಬ ಒಂದು ಅಂಕಿ ಹಿಡಿದು ಬ್ಯಾಂಕಿಗೆ ಹೋಗಬೇಡಿ. ಆ ಎಕರೆಗಳು ಯಾವ ನಾಲೆಯ ಕೆಳಗಿವೆ? ಚುಂಚನಕಟ್ಟೆಯ ರಾಮಸಮುದ್ರ ನಾಲೆಯೇ, ಚಾಮರಾಜ ನಾಲೆಯೇ, ಮಿರ್ಲೆ ನಾಲೆಯೇ? ನೀರು ಬಿಡುವುದು ಎಂದು? ನಾಲೆಯ ತಲೆಭಾಗದ ಗದ್ದೆಗೆ ನೀರು ಮೊದಲು, ಕೊನೆಭಾಗಕ್ಕೆ ಆಮೇಲೆ. ನಾಟಿಯೂ ಹಾಗೆಯೇ ಸಾಗುತ್ತದೆ, ಕೊಯ್ಲೂ ಅದನ್ನೇ ಹಿಂಬಾಲಿಸುತ್ತದೆ. ಈ ಕ್ರಮವನ್ನು ನಕ್ಷೆಯ ಮೇಲೆ ಗುರುತಿಸಿಕೊಂಡವನು ಯಂತ್ರವನ್ನು ಒಂದೂರಿನಿಂದ ಇನ್ನೊಂದೂರಿಗೆ ಬಿಡುವಿಲ್ಲದೆ ಸಾಗಿಸಬಲ್ಲ. ಗುರುತಿಸಿಕೊಳ್ಳದವನ ಯಂತ್ರ ಒಂದು ವಾರ ಬೇಡಿಕೆಗೆ ಸಾಲುವುದಿಲ್ಲ, ಮುಂದಿನ ವಾರ ಕೆಲಸವಿಲ್ಲದೆ ನಿಂತಿರುತ್ತದೆ.

ನಿಮ್ಮ ಯೋಜನೆಯ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಅದರಲ್ಲಿ ಒಂದು ಜಾಗದ ಹೆಸರು, ಒಂದು ಕಾಲದ ಹೆಸರು ಇರಲೇಬೇಕು.

2. ಸರಾಸರಿಯಿಂದ ಕೆಳಗಿಳಿಯಿರಿ

ಜಿಲ್ಲೆಯ ಸರಾಸರಿ ಯಾರ ಮನೆಯ ಸತ್ಯವನ್ನೂ ಹೇಳುವುದಿಲ್ಲ. ಪ್ರಾದೇಶಿಕ ಅಸಮಾನತೆ ಕುರಿತು ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯ ದೊಡ್ಡ ಗುಣವೇ ಅದು ಜಿಲ್ಲೆ ಬಿಟ್ಟು ತಾಲ್ಲೂಕಿಗೆ ಇಳಿದದ್ದು. ರಾಜ್ಯದ 175 ತಾಲ್ಲೂಕುಗಳನ್ನು ಒಂದೊಂದಾಗಿ ಅಳೆದು 114 ತಾಲ್ಲೂಕು ಹಿಂದುಳಿದಿವೆ ಎಂದು ಅದು ತೋರಿಸಿತು. ಮುಂದುವರಿದ ಜಿಲ್ಲೆ ಎನಿಸಿಕೊಂಡ ಕಡೆಯೂ ಹಿಂದುಳಿದ ತಾಲ್ಲೂಕು ಇರುವುದು ಆಗ ಕಣ್ಣಿಗೆ ಬಿತ್ತು.

ಇಂದು ಅದಕ್ಕಿಂತ ಕೆಳಗಿಳಿಯಬಹುದು: ತಾಲ್ಲೂಕು, ಹೋಬಳಿ, ಗ್ರಾಮ ಪಂಚಾಯಿತಿ, ಕಂದಾಯ ಗ್ರಾಮ, ಸರ್ವೆ ನಂಬರ್. ಎಚ್.ಡಿ. ಕೋಟೆಯನ್ನೇ ನೋಡಿ. ಕಾಡು ಮತ್ತು ಹಿನ್ನೀರು ಸೇರಿ ತಾಲ್ಲೂಕಿನ ವಿಸ್ತಾರ ದೊಡ್ಡದು, ಹಾಗಾಗಿ ಚದರ ಕಿಲೋಮೀಟರಿಗೆ ಇಷ್ಟು ಜನ ಎಂಬ ಲೆಕ್ಕ ಜನವೇ ಇಲ್ಲದಂತೆ ಕಾಣಿಸುತ್ತದೆ. ಹಂಪಾಪುರ ಹೋಬಳಿಯ ಊರುಗಳಿಗೆ ಹೋದರೆ ಚಿತ್ರವೇ ಬೇರೆ. ಕೃಷಿ ಹವಾಮಾನದ ಲೆಕ್ಕದಲ್ಲಂತೂ ಜಿಲ್ಲೆಯೇ ಎರಡಾಗಿದೆ: ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ದಕ್ಷಿಣ ಸಂಕ್ರಮಣ ವಲಯಕ್ಕೆ ಸೇರಿದರೆ ಕೆ.ಆರ್. ನಗರ ದಕ್ಷಿಣ ಒಣ ವಲಯಕ್ಕೆ ಸೇರುತ್ತದೆ. ಬಿತ್ತನೆ ಬೀಜ ಮಾರುವವರು ಜಿಲ್ಲೆಗೊಂದೇ ತಳಿ ಎಂದು ದಾಸ್ತಾನು ಮಾಡಿದರೆ ನಷ್ಟ ಖಚಿತ.

ಆದರೆ ಅಗತ್ಯಕ್ಕಿಂತ ಕೆಳಗೂ ಇಳಿಯಬೇಡಿ. ಬೆಳೆ ವಿಮೆಯಲ್ಲಿ ಮುಖ್ಯ ಬೆಳೆಗಳ ನಷ್ಟವನ್ನು ಗ್ರಾಮ ಪಂಚಾಯಿತಿ ಮಟ್ಟದಲ್ಲಿ, ಉಳಿದವನ್ನು ಹೋಬಳಿ ಮಟ್ಟದಲ್ಲಿ ಲೆಕ್ಕ ಹಾಕುತ್ತಾರೆ. ತೀರ್ಮಾನ ಯಾವ ಮಟ್ಟದಲ್ಲಿ ಆಗುತ್ತದೋ ಆ ಮಟ್ಟದ ಮಾಹಿತಿ ನಿಮ್ಮ ಕೈಯಲ್ಲಿರಲಿ.

3. ಊರಿನ ಹೆಸರಿನ ಜೊತೆ ಕೋಡ್ ಬರೆಯಿರಿ

ಹೊಸಹಳ್ಳಿ, ಹೊಸೂರು, ಕೊಪ್ಪಲು ಎಂಬ ಹೆಸರಿನ ಊರಿಲ್ಲದ ತಾಲ್ಲೂಕು ನಮ್ಮ ಕಡೆ ಸಿಗುವುದು ಕಷ್ಟ. ಬರೀ ಹೆಸರು ನಂಬಿ ಎರಡು ಪಟ್ಟಿ ಜೋಡಿಸಿದರೆ ಒಂದೂರಿನ ಬೋರ್‌ವೆಲ್ ಇನ್ನೊಂದೂರಿನ ಲೆಕ್ಕಕ್ಕೆ ಹೋಗುತ್ತದೆ. ಜನಗಣತಿಯಲ್ಲಿ ಪ್ರತಿ ಕಂದಾಯ ಗ್ರಾಮಕ್ಕೂ ಒಂದು ಸಂಖ್ಯೆ ಇದೆ. ಕೇಂದ್ರ ಸರ್ಕಾರದ ಸ್ಥಳೀಯ ಸರ್ಕಾರಗಳ ಕೋಶದಲ್ಲೂ ಪಂಚಾಯಿತಿಗೊಂದು, ಗ್ರಾಮಕ್ಕೊಂದು ಕೋಡ್ ಇದೆ. ಪಟ್ಟಿಯ ಮೊದಲ ಕಾಲಂ ಅದಕ್ಕೇ ಮೀಸಲಿಡಿ.

ಇನ್ನೂ ಮೂರು ಎಚ್ಚರಿಕೆ. ಒಂದು, ದಾಖಲೆಯಲ್ಲಿರುವ ಬೇಚರಾಕ್ ಗ್ರಾಮದಲ್ಲಿ ಜನವಸತಿ ಇರುವುದಿಲ್ಲ, ಜನ ತುಂಬಿರುವ ಮಜರೆಗೂ ಬುಡಕಟ್ಟು ಹಾಡಿಗೂ ಎಷ್ಟೋ ಕಡೆ ಸ್ವಂತ ಗ್ರಾಮದ ದಾಖಲೆ ಇರುವುದಿಲ್ಲ. ಎರಡು, ಸರಗೂರು ಮತ್ತು ಸಾಲಿಗ್ರಾಮ ಈಚೆಗೆ ಪ್ರತ್ಯೇಕ ತಾಲ್ಲೂಕುಗಳಾದವು. 2011ರ ಜನಗಣತಿಯಲ್ಲಿ ಅವುಗಳ ಊರುಗಳು ಎಚ್.ಡಿ. ಕೋಟೆ ಮತ್ತು ಕೆ.ಆರ್. ನಗರದ ಪಟ್ಟಿಯಲ್ಲೇ ಇವೆ. ಹಳೆಯದನ್ನೂ ಹೊಸದನ್ನೂ ಹೋಲಿಸುವಾಗ ಗಡಿ ಸರಿಮಾಡಿಕೊಳ್ಳದೆ ಹೋದರೆ ಕೋಟೆಯ ಜನಸಂಖ್ಯೆ ಕುಸಿದುಹೋಯಿತು ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಮೂರು, ಪಿನ್‌ಕೋಡ್ ಅಂಚೆ ಹಂಚುವ ವಲಯ, ಆಡಳಿತದ ಗಡಿ ಅದಲ್ಲ. 571105 ಎಂದರೆ ಹುಣಸೂರು ಕಡೆ ಎಂದು ಗೊತ್ತಾಗುತ್ತದೆ, ಹುಣಸೂರು ತಾಲ್ಲೂಕಿನ ಎಲ್ಲೆ ಗೊತ್ತಾಗುವುದಿಲ್ಲ. ಮನೆಬಾಗಿಲಿಗೆ ಸರಕು ತಲುಪಿಸುವವರು 2025ರಲ್ಲಿ ಅಂಚೆ ಇಲಾಖೆ ತಂದ ಡಿಜಿಪಿನ್ ನೋಡಲಿ. ಸುಮಾರು 4 ಮೀಟರ್ ಉದ್ದಗಲದ ಪ್ರತಿ ಚೌಕಕ್ಕೂ ಅದರಲ್ಲಿ ಹತ್ತು ಅಕ್ಷರ–ಅಂಕಿಗಳ ಒಂದು ಗುರುತಿದೆ. ಬೀದಿ ಹೆಸರೂ ಮನೆ ನಂಬರೂ ಇಲ್ಲದ ತೋಟದ ಮನೆಗಳಿಗೆ ಇದು ಬಹಳ ಉಪಯುಕ್ತ.

4. ಕೊಳ್ಳುವ ಮುಂಚೆ, ಇರುವುದನ್ನು ತೆರೆಯಿರಿ

ನಕ್ಷೆ ಎಂದರೆ ಸರ್ಕಾರದ ಗುಟ್ಟು ಎಂದು ಬಹುಕಾಲ ಇದ್ದ ಭಾವನೆಗೆ ಕಾರಣವಿತ್ತು. 1767ರಲ್ಲಿ ಶುರುವಾದ ಸರ್ವೆ ಆಫ್ ಇಂಡಿಯಾದ ವಿವರವಾದ ನಕ್ಷೆಗಳಿಗೆ ನಾನಾ ನಿರ್ಬಂಧಗಳಿದ್ದವು. 2021ರ ಫೆಬ್ರವರಿ 15ರಂದು ಬಂದ ಮಾರ್ಗಸೂಚಿ ಭಾರತೀಯ ಸಂಸ್ಥೆಗಳಿಗೆ ನಕ್ಷೆ ತಯಾರಿಸಲು, ಬಳಸಲು ದಾರಿ ತೆರೆಯಿತು. 2022ರ ರಾಷ್ಟ್ರೀಯ ಭೂಪ್ರಾದೇಶಿಕ ನೀತಿ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಈಗ ಉಚಿತವಾಗಿ ಸಿಗುವುದು ಇಷ್ಟಿದೆ:

- ಕಂದಾಯ ಇಲಾಖೆಯ ದಿಶಾಂಕ್ ಆಪ್: ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅಲ್ಲಿಂದ ಭೂಮಿ ತಂತ್ರಾಂಶದ ಪಹಣಿಗೆ ಹೋಗಬಹುದು.
- ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ಕೆ–ಜಿಐಎಸ್: 1986ರಲ್ಲಿ ಸ್ಥಾಪನೆಯಾದ ಈ ಕೇಂದ್ರ ಗಡಿ, ರಸ್ತೆ, ಕೆರೆ, ಭೂಬಳಕೆಯ ಪದರಗಳನ್ನು ಒಂದೆಡೆ ಇಟ್ಟಿದೆ.
- ಇಸ್ರೊದ ಭುವನ್: 2009ರಿಂದ ಉಪಗ್ರಹ ಚಿತ್ರಗಳು.
- ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ: ಪಂಚಾಯಿತಿ ಮಟ್ಟದ ಮಳೆಮಾಪಕಗಳ ಲೆಕ್ಕ, ವರುಣಮಿತ್ರ ಸಹಾಯವಾಣಿ.
- ಬೆಳೆ ಸಮೀಕ್ಷೆ: ಯಾವ ಜಮೀನಿನಲ್ಲಿ ಈ ಹಂಗಾಮಿಗೆ ಏನು ಬೆಳೆದಿದೆ ಎಂಬ ಚಿತ್ರಸಹಿತ ದಾಖಲೆ.
- ಜನಗಣತಿಯ ಗ್ರಾಮ ಸೌಲಭ್ಯ ಪಟ್ಟಿ: ಶಾಲೆ, ಆಸ್ಪತ್ರೆ, ಬ್ಯಾಂಕು, ಬಸ್ಸು ಎಷ್ಟು ದೂರ ಎಂಬ ವಿವರ.
- ಗ್ರಾಮ ಸಡಕ್ ಯೋಜನೆಯ ರಸ್ತೆ ಮಾಹಿತಿ: 2022ರಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟದ್ದು.

ಒಂದು ಸಂಜೆ ಕೂತು ನಿಮ್ಮ ಪಂಚಾಯಿತಿಯ ಮಟ್ಟಿಗೆ ಇವಿಷ್ಟನ್ನೂ ತೆರೆದು ನೋಡಿ. ಸಮೀಕ್ಷೆಗೆ ಹಣ ಸುರಿಯುವ ಅಗತ್ಯ ಎಷ್ಟೋ ಕಡಿಮೆಯಾಗುತ್ತದೆ.

5. ದೂರವನ್ನು ಗಂಟೆಯಲ್ಲಿ ಅಳೆಯಿರಿ

ನಕ್ಷೆಯ ಮೇಲೆ ಕೈವಾರ ಇಟ್ಟು ಐದು ಕಿಲೋಮೀಟರಿನ ವೃತ್ತ ಎಳೆಯುವುದು ಸುಲಭ. ಆದರೆ ಜನ ಹಕ್ಕಿಯಂತೆ ಹಾರಿ ಬರುವುದಿಲ್ಲ. ಕಬಿನಿ ಹಿನ್ನೀರಿನ ಎರಡು ದಡದ ಊರುಗಳು ಕಣ್ಣಿಗೆ ಎದುರುಬದುರು ಕಂಡರೂ ರಸ್ತೆಯಲ್ಲಿ ಸುತ್ತಿ ಹೋಗಬೇಕು. ಡಿ.ಬಿ. ಕುಪ್ಪೆ ಪಂಚಾಯಿತಿಯ ಬೈರನಕುಪ್ಪೆಗೂ ಕೇರಳದ ಪೆರಿಕ್ಕಲ್ಲೂರಿಗೂ ನಡುವೆ ಇರುವುದು ಕಬಿನಿ ಹೊಳೆ ಮಾತ್ರ, ಜನ ದೋಣಿಯಲ್ಲಿ ದಾಟುತ್ತಾರೆ. ಅದೇ ಜನ ತಾಲ್ಲೂಕು ಕೇಂದ್ರಕ್ಕೆ ಬರಬೇಕಾದರೆ ನಾಗರಹೊಳೆಯ ಕಾಡು ದಾಟಬೇಕು. ಮಾನಂದವಾಡಿ ರಸ್ತೆಯಲ್ಲಿ ಬಾವಲಿಯ ಕಡೆಗೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. ಹಗಲಿನ ನಕ್ಷೆ ಬೇರೆ, ರಾತ್ರಿಯ ನಕ್ಷೆ ಬೇರೆ. ಆಂಬುಲೆನ್ಸ್ ಎಲ್ಲಿ ನಿಲ್ಲಿಸಬೇಕು ಎಂದು ತೀರ್ಮಾನಿಸುವವರು ಎರಡನ್ನೂ ಮುಂದಿಟ್ಟುಕೊಳ್ಳಬೇಕು.

ಸರ್ಕಾರದ ಮಾನದಂಡಗಳೂ ಈ ಸತ್ಯವನ್ನು ಸ್ವಲ್ಪ ಒಪ್ಪಿವೆ. ಬಯಲಿನಲ್ಲಿ 5,000 ಜನಕ್ಕೊಂದು ಆರೋಗ್ಯ ಉಪಕೇಂದ್ರವಾದರೆ ಗುಡ್ಡಗಾಡು, ಬುಡಕಟ್ಟು ಪ್ರದೇಶದಲ್ಲಿ 3,000ಕ್ಕೊಂದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಯಲಲ್ಲಿ 30,000, ಅಲ್ಲಿ 20,000. ಆದರೂ ಇದು ತಲೆಯ ಲೆಕ್ಕ. ಗರ್ಭಿಣಿಯೊಬ್ಬರು ಮಳೆಗಾಲದ ರಾತ್ರಿ ಎಷ್ಟು ಹೊತ್ತಿನಲ್ಲಿ ಆಸ್ಪತ್ರೆ ತಲುಪುತ್ತಾರೆ ಎಂಬ ಲೆಕ್ಕ ಅದರ ಪಕ್ಕದಲ್ಲಿ ಬರಬೇಕು.

ಇದೇ ಸೂತ್ರ ಹಾಲಿಗೂ ಸಲ್ಲುತ್ತದೆ. ಕರೆದ ಹಾಲು ಶೀತಲೀಕರಣ ಘಟಕಕ್ಕೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂಬುದರ ಮೇಲೆ ಅದರ ಗುಣಮಟ್ಟ ನಿಂತಿದೆ. ಹಾಲಿನ ರೂಟ್ ಹಾಕುವಾಗ ಮಧ್ಯದ ಊರಿಗಿಂತ, ಎಲ್ಲ ಸಂಘಗಳಿಂದಲೂ ಬೇಗ ತಲುಪುವ ಊರು ಮುಖ್ಯ.

6. ನೀರು ಬರುವ ದಿಕ್ಕಿಗೆ ನೋಡಿ, ತಾಲ್ಲೂಕಿನ ಗಡಿ ಮರೆತುಬಿಡಿ

ಕಬಿನಿ ಜಲಾಶಯದ ಸಾಮರ್ಥ್ಯ 19.52 ಟಿಎಂಸಿ. ಕೆಆರ್‌ಎಸ್‌ನ 49.45 ಟಿಎಂಸಿ ಮುಂದೆ ಇದು ಚಿಕ್ಕದು. ವಯನಾಡಿನಲ್ಲಿ ಮಳೆ ಹಿಡಿದರೆ ಬೇಗ ತುಂಬುತ್ತದೆ, ಬಾಗಿಲು ಎತ್ತಲೇಬೇಕಾಗುತ್ತದೆ. 2019ರ ಆಗಸ್ಟಿನಲ್ಲಿ ಹೊರಹರಿವು ಲಕ್ಷ ಕ್ಯೂಸೆಕ್ ದಾಟಿ, ಕೆಳಗಿನ ಊರುಗಳಿಂದ ನಂಜನಗೂಡಿನವರೆಗೆ ನೀರು ನುಗ್ಗಿತು. ಅದೇ ದಿನಗಳಲ್ಲಿ ಕೊಡಗಿನ ಬ್ರಹ್ಮಗಿರಿಯಿಂದ ಇಳಿದುಬರುವ ಲಕ್ಷ್ಮಣತೀರ್ಥ ಉಕ್ಕಿ ಹುಣಸೂರಿನ ತಗ್ಗು ಬಡಾವಣೆಗಳಿಗೆ ಬಂತು. ಈ ಎರಡು ಅನಾಹುತದ ಮುನ್ಸೂಚನೆಯೂ ಮೈಸೂರು ಜಿಲ್ಲೆಯ ಆಚೆಗಿತ್ತು. ಕೇಂದ್ರ ಜಲ ಆಯೋಗ ವಯನಾಡಿನ ಮುತ್ತಂಕೆರೆಯಲ್ಲಿ ಕಬಿನಿಯ ಹರಿವನ್ನು, ಚುಂಚನಕಟ್ಟೆಯಲ್ಲಿ ಕಾವೇರಿಯ ಹರಿವನ್ನು ಅಳೆಯುತ್ತದೆ. ಹೊಳೆ ದಡದಲ್ಲಿ ಕೋಳಿ ಫಾರಂ, ಗೋದಾಮು, ರೆಸಾರ್ಟ್ ಕಟ್ಟುವವರು ಮೊದಲು ಆ ದಾಖಲೆ ಮತ್ತು 2019ರ ನೀರಿನ ಗುರುತು ನೋಡಿ, ಆಮೇಲೆ ತಳಪಾಯ ತೆಗೆಯಲಿ.

ಎತ್ತರ ನೋಡಿ ಊರು ಕಟ್ಟುವ ಪಾಠ ನಮ್ಮ ನೆಲಕ್ಕೆ ಹೊಸದಲ್ಲ. ಕಾವೇರಿ ದಡದ ಎಡತೊರೆ ಪ್ರವಾಹಕ್ಕೆ ಸಿಕ್ಕಿ ನಲುಗಿದ ಮೇಲೆ, 1920ರ ದಶಕದಲ್ಲಿ ಹೊಳೆಯಿಂದ ದೂರಕ್ಕೆ ಯೋಜಿತವಾಗಿ ಹೊಸ ಪಟ್ಟಣ ಕಟ್ಟಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಹೊತ್ತ ಕೃಷ್ಣರಾಜನಗರವೇ ಅದು. ಎಡತೊರೆಯ ಅರ್ಕೇಶ್ವರ ದೇವಾಲಯ ಇಂದಿಗೂ ಹೊಳೆ ದಡದಲ್ಲೇ ಇದೆ, ಪಟ್ಟಣ ಜಾಗ ಬದಲಿಸಿ ಬದುಕಿದೆ.

ಗಿರಾಕಿಗಳೂ ಗಡಿ ನೋಡಿ ಬರುವುದಿಲ್ಲ. 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಯಲ್ಲಿ ನೆಲೆಯಾದ ಟಿಬೆಟನ್ ಶಿಬಿರ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿದೆ. ಅಲ್ಲಿಗೆ ಹತ್ತಿರದ ಪೇಟೆ ಕೊಡಗಿನ ಕುಶಾಲನಗರ. ಪಿರಿಯಾಪಟ್ಟಣದ ಪಶ್ಚಿಮಕ್ಕೆ ಅಂಗಡಿ ತೆರೆಯುವವರು ಕುಶಾಲನಗರದ ದರವನ್ನೂ ಬಸ್ ವೇಳೆಯನ್ನೂ ತಿಳಿದಿರಬೇಕು.

7. ಪದರದ ಮೇಲೆ ಪದರ ಹಾಕಿ

ಒಂದು ನಕ್ಷೆ ಒಂದು ವಿಷಯ ಹೇಳುತ್ತದೆ. ಎರಡು ನಕ್ಷೆ ಒಟ್ಟಿಗಿಟ್ಟಾಗ ಕಾರಣ ಕಾಣತೊಡಗುತ್ತದೆ. ಹೊಗೆಸೊಪ್ಪಿನ ಸೀಮೆಯನ್ನೇ ತೆಗೆದುಕೊಳ್ಳಿ. ಮೊದಲ ಪದರ: ಹಗುರವಾದ ಕೆಂಪು ಮಣ್ಣು. ಎರಡನೆಯದು: ಮುಂಗಾರಿಗೆ ಮುನ್ನ ಬೀಳುವ ಮಳೆ. ಮೂರನೆಯದು: ಪರವಾನಗಿ ಪಡೆದ ಬ್ಯಾರನ್‌ಗಳು. ನಾಲ್ಕನೆಯದು: ಹುಣಸೂರಿನ ಕಟ್ಟೆಮಳಲವಾಡಿ, ಚಿಲ್ಕುಂದ, ಪಿರಿಯಾಪಟ್ಟಣದ ಕಂಪಲಾಪುರದಂಥ ಹರಾಜು ಕೇಂದ್ರಗಳು. ಐದನೆಯದು: ಬೇಲ್ ಸಾಗಿಸುವ ರಸ್ತೆ. ಈ ಐದನ್ನೂ ಜೋಡಿಸಿದರೆ ಹಣ ಯಾವ ಊರಿಗೆ, ಯಾವ ತಿಂಗಳಲ್ಲಿ ಬರುತ್ತದೆ ಎಂಬ ಚಿತ್ರ ಸಿಗುತ್ತದೆ. ಟ್ರ್ಯಾಕ್ಟರ್ ಶೋರೂಮಿನವರು, ಪೈಪು ಮಾರುವವರು, ಸಹಕಾರ ಸಂಘದವರು ಸಾಲ ವಸೂಲಿಯ ತಿಂಗಳನ್ನು ಇದಕ್ಕೆ ಹೊಂದಿಸಬಹುದು.

ಇದೇ ಪದರಗಳಿಂದ ಇನ್ನೂ ದೊಡ್ಡ ಕೆಲಸವಾಗಬೇಕಿದೆ. ಹೊಗೆಸೊಪ್ಪಿಗೆ ಬದಲಿ ಬೆಳೆ ಯಾವುದು ಎಂಬ ಪ್ರಶ್ನೆಗೆ ಇಡೀ ಸೀಮೆಗೆ ಒಂದೇ ಉತ್ತರ ಹುಡುಕುತ್ತಾ ಕೂತರೆ ಸಿಗುವುದಿಲ್ಲ. ಕೆರೆ ಕೆಳಗಿನ ಜಮೀನಿಗೊಂದು, ಬೋರ್‌ವೆಲ್ ಇರುವಲ್ಲಿಗೊಂದು, ಬರೀ ಮಳೆ ನಂಬಿದ ಹೊಲಕ್ಕೊಂದು, ಆನೆ ದಾಳಿ ಇರುವ ಕಾಡಂಚಿಗೊಂದು ಉತ್ತರ ಬೇಕು. ಮಣ್ಣು, ನೀರು, ಮಾರುಕಟ್ಟೆ, ಕಾಡಿನ ದೂರ ಈ ನಾಲ್ಕನ್ನು ಊರೂರಿಗೆ ಜೋಡಿಸಿ ತೋರಿಸಿದರೆ ರೈತರು ತಾವೇ ತೀರ್ಮಾನಿಸಬಲ್ಲರು.

8. ಮಾಹಿತಿಗೂ ವಯಸ್ಸಿದೆ, ಕೇಳಿ

ನಿಮ್ಮ ಕೈಯಲ್ಲಿರುವ ಅಂಕಿ ಯಾವ ವರ್ಷದ್ದು? 2011ರ ಜನಗಣತಿಯಲ್ಲಿ ಒಂದನೇ ತರಗತಿಗೆ ಸೇರುವ ವಯಸ್ಸಿನಲ್ಲಿದ್ದ ಮಗು ಇಂದು ದುಡಿಯುವ ವಯಸ್ಸಿಗೆ ಬಂದಿದೆ. ಆ ಅಂಕಿಯನ್ನು ಊರಿನ ಪಟ್ಟಿಗೆ ಆಧಾರವಾಗಿ ಬಳಸಿ, ಇಂದಿನ ಗಿರಾಕಿಗಳ ಎಣಿಕೆಗೆ ಬಳಸಬೇಡಿ. ಅಂಗನವಾಡಿ ಮಕ್ಕಳ ಪಟ್ಟಿ, ಪಡಿತರ ಚೀಟಿ, ಮತದಾರರ ಸಂಖ್ಯೆಯ ಜೊತೆ ಹೋಲಿಸಿ ತಿದ್ದಿಕೊಳ್ಳಿ.

ಬೆಳೆಯ ಲೆಕ್ಕ ಇನ್ನೂ ಬೇಗ ಹಳತಾಗುತ್ತದೆ. ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಡೆ ಜಮೀನು ಗುತ್ತಿಗೆ ಹಿಡಿದು ಶುಂಠಿ ಹಾಕುವವರು ವರ್ಷ ವರ್ಷ ಜಾಗ ಬದಲಿಸುತ್ತಾರೆ. ಹೋದ ವರ್ಷದ ಬೆಳೆ ಪಟ್ಟಿ ಹಿಡಿದು ಶುಂಠಿ ತೊಳೆಯುವ ಘಟಕಕ್ಕೆ ಜಾಗ ಹುಡುಕಿದರೆ, ಘಟಕ ಎದ್ದು ನಿಲ್ಲುವಷ್ಟರಲ್ಲಿ ಬೆಳೆ ಇನ್ನೊಂದು ಹೋಬಳಿಯಲ್ಲಿರುತ್ತದೆ. ಹಂಗಾಮಿಗೊಮ್ಮೆ ನಡೆಯುವ ಬೆಳೆ ಸಮೀಕ್ಷೆ ಇಲ್ಲಿ ನೆರವಿಗೆ ಬರುತ್ತದೆ. ರೈತರು ತಾವೇ ಹೊಲದಲ್ಲಿ ನಿಂತು ಫೋಟೊ ತೆಗೆದು ಸೇರಿಸುವ ವ್ಯವಸ್ಥೆ ಅದರಲ್ಲಿದೆ. ವಿಮೆ, ಪರಿಹಾರ, ಬೆಂಬಲ ಬೆಲೆಗೆ ಅದೇ ಆಧಾರ, ಹಾಗಾಗಿ ಆ ಫೋಟೊ ತಪ್ಪದೆ ಸೇರಿಸಿ.

2023ರ ಜೂನ್ 11ರಂದು, ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ ಪ್ರಯಾಣದ ಲೆಕ್ಕವೂ ಬದಲಾಯಿತು. ಅದಕ್ಕಿಂತ ಹಿಂದಿನ ಎಣಿಕೆ ನಂಬಿ ಬಸ್ ನಿಲ್ದಾಣದ ಮಳಿಗೆಗೆ ಬಾಡಿಗೆ ಕಟ್ಟಬೇಡಿ.

9. ಕಾಲಿಟ್ಟು ನೋಡಿ ಬನ್ನಿ

ಉಪಗ್ರಹಕ್ಕೆ ಕೆರೆ ಕಾಣುತ್ತದೆ, ಆ ಕೆರೆಯ ತೂಬು ಕೆಟ್ಟಿರುವುದು ಕಾಣುವುದಿಲ್ಲ. ರಸ್ತೆ ಕಾಣುತ್ತದೆ, ಮಳೆಗಾಲದಲ್ಲಿ ಮೋರಿ ಮುಳುಗಿ ಟೆಂಪೊ ನಿಲ್ಲುವುದು ಕಾಣುವುದಿಲ್ಲ. ಪ್ರತಿ ಊರಿನಲ್ಲೂ ಇದನ್ನೆಲ್ಲ ಬಲ್ಲವರಿದ್ದಾರೆ: ಯಾವ ಬೀದಿಗೆ ನೀರು ಏರುವುದಿಲ್ಲ ಎಂದು ಬಲ್ಲ ನೀರುಗಂಟಿ, ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆಂದು ಬಲ್ಲ ಆಶಾ ಕಾರ್ಯಕರ್ತೆ, ಎಲ್ಲಿ ವೋಲ್ಟೇಜ್ ಬೀಳುತ್ತದೆಂದು ಬಲ್ಲ ಲೈನ್‌ಮನ್, ಬಾಂದುಕಲ್ಲು ಎಲ್ಲಿ ಹೂತಿದೆ ಎಂದು ಬಲ್ಲ ಹಿರಿಯ ರೈತ. ಇವರ ತಿಳಿವಳಿಕೆಯೂ ದತ್ತಾಂಶವೇ. ಅವರ ಜೊತೆ ನಡೆದು, ನಕ್ಷೆ ತಿದ್ದಿ, ತಿದ್ದಿದ ದಿನಾಂಕ ಬರೆಯಿರಿ.

ಆಪ್ ಎಷ್ಟರಮಟ್ಟಿಗೆ ನಂಬಬೇಕು ಎಂಬುದಕ್ಕೂ ಒಂದು ಲೆಕ್ಕ ಕಲಿಯಿರಿ. ನಮ್ಮ ಸರ್ವೆಯ ಸರಪಳಿ 33 ಅಡಿ, ಅದರಲ್ಲಿ 16 ಆಣೆ. 33 ಅಡಿ ಉದ್ದ, 33 ಅಡಿ ಅಗಲವಾದರೆ ಒಂದು ಗುಂಟೆ, ಅಂದರೆ ಪ್ರತಿ ಬದಿಯೂ ಸುಮಾರು 10 ಮೀಟರ್. ಫೋನಿನ ಜಿಪಿಎಸ್ ಐದು ಮೀಟರ್ ಆಚೀಚೆ ತೋರಿಸಿದರೆ ಅದು ಗುಂಟೆಯ ಬದಿಯ ಅರ್ಧದಷ್ಟಾಯಿತು. ಯಾವ ಸರ್ವೆ ನಂಬರಿನಲ್ಲಿದ್ದೇವೆ ಎಂದು ತಿಳಿಯಲು ದಿಶಾಂಕ್ ಸಾಕು, ಬದು ಯಾರದು ಎಂಬ ಜಗಳ ತೀರಿಸಲು ಸಾಲದು. ಜಮೀನು ಕೊಳ್ಳುವಾಗ, ಶೆಡ್ ಕಟ್ಟುವಾಗ ಪತ್ರದ ಚೆಕ್ಕುಬಂದಿ, ಟಿಪ್ಪಣಿ, ಆಕಾರ್‌ಬಂದ್ ತೆಗೆಸಿ, ಪರವಾನಗಿ ಪಡೆದ ಭೂಮಾಪಕರಿಂದಲೇ ಅಳತೆ ಮಾಡಿಸಿ.

10. ಒಂದು ಪಟ್ಟಿ, ಒಂದು ಫೋನು ಹಿಡಿದು ಈ ವಾರವೇ ಶುರು ಮಾಡಿ

ಹುಣಸೂರು ತಾಲ್ಲೂಕಿನ ಬಿಳಿಕೆರೆಯಲ್ಲಿ ಪಶು ಆಹಾರದ ಅಂಗಡಿ ತೆರೆಯಬೇಕೆಂದಿದ್ದೀರಿ ಅನ್ನಿ. ಹೀಗೆ ಮಾಡಿ:

- ಸುತ್ತಲಿನ ಹಾಲು ಉತ್ಪಾದಕರ ಸಂಘಗಳ ಪಟ್ಟಿ ಮಾಡಿ. ಪ್ರತಿ ಸಂಘದ ಬಾಗಿಲಲ್ಲಿ ನಿಂತು ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ.
- ಪಕ್ಕದ ಕಾಲಂಗಳಲ್ಲಿ ದಿನದ ಹಾಲು, ಸದಸ್ಯರ ಸಂಖ್ಯೆ, ಈಗ ಪಶು ಆಹಾರ ಎಲ್ಲಿಂದ ಕೊಳ್ಳುತ್ತಾರೆ ಎಂಬುದನ್ನು ತುಂಬಿ.
- ಎದುರಾಳಿ ಅಂಗಡಿಗಳನ್ನೂ ಹಾಗೆಯೇ ಗುರುತಿಸಿ.
- ಉಚಿತವಾಗಿ ಸಿಗುವ ಕ್ಯೂಜಿಐಎಸ್ ತಂತ್ರಾಂಶದಲ್ಲಿ ಪಟ್ಟಿಯನ್ನು ತೆರೆಯಿರಿ. ಹೆಚ್ಚು ಹಾಲಿನ ಸಂಘಕ್ಕೆ ದೊಡ್ಡ ಚುಕ್ಕೆ, ಕಡಿಮೆಗೆ ಸಣ್ಣ ಚುಕ್ಕೆ.
- ದೊಡ್ಡ ಚುಕ್ಕೆಗಳಿದ್ದೂ ಅಂಗಡಿ ಇಲ್ಲದ ರಸ್ತೆ ಯಾವುದು? ಬಾಡಿಗೆ ಕೇಳಲು ಅಲ್ಲಿಗೆ ಹೋಗಿ.

ಒಂದು ಜೋಪಾನ: ಹುಣಸೂರು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶ, 76.3 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಕಾಲಂ ಅದಲುಬದಲಾದರೆ ಹುಣಸೂರು ಉತ್ತರ ಧ್ರುವದ ಕಡೆಯ ಸಮುದ್ರಕ್ಕೆ ಹೋಗಿ ಬೀಳುತ್ತದೆ. ನಮ್ಮ ಸೀಮೆಯಲ್ಲಿ 12 ಮೊದಲು, 76 ಆಮೇಲೆ ಎಂದು ನೆನಪಿಟ್ಟುಕೊಳ್ಳಿ. ಹೆಸರುಗಳನ್ನು ಕನ್ನಡದಲ್ಲೇ ಬರೆಯಿರಿ. ಊರಿನವರು ಓದಿದರೆ ತಪ್ಪು ಅಂದೇ ಸಿಕ್ಕಿಬೀಳುತ್ತದೆ.

11. ನಕ್ಷೆಯಲ್ಲಿ ಇಲ್ಲದವರನ್ನು ಸೇರಿಸಿ, ನಕ್ಷೆಯನ್ನು ಊರಿನ ಮುಂದಿಡಿ

ಅತಿ ಮುಖ್ಯವಾದ ಸೂತ್ರ ಇದು. ಜೇನುಕುರುಬ, ಬೆಟ್ಟಕುರುಬ, ಯರವರ ಎಷ್ಟೋ ಹಾಡಿಗಳು ದೊಡ್ಡ ನಕ್ಷೆಗಳಲ್ಲಿ ಚುಕ್ಕೆಯಾಗಿಯೂ ಕಾಣುವುದಿಲ್ಲ. ಗುರುತಿಲ್ಲದ ಕಡೆಗೆ ರಸ್ತೆ, ಕೊಳಾಯಿ, ಶಾಲೆ ಹೋಗುವುದು ಕಷ್ಟ. ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಚ್.ಡಿ. ಕೋಟೆಯಲ್ಲಿ ಮೊದಲು ಹಾಡಿಗೇ ಹೋಗಿ ಚಿಕಿತ್ಸೆ ಶುರು ಮಾಡಿತು. ಕೆಂಚನಹಳ್ಳಿ, ಸರಗೂರಿನ ಆಸ್ಪತ್ರೆಗಳು ಆಮೇಲೆ ಬಂದವು. ಅಗತ್ಯ ಎಲ್ಲಿದೆಯೋ ಅಲ್ಲಿಗೆ ಸೇವೆ ಹೋಗಬೇಕು ಎಂಬ ಈ ಕ್ರಮ ಪ್ರತಿ ಇಲಾಖೆಗೂ ಮಾದರಿಯಾಗಬೇಕು.

ಪಕ್ಕದ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಏಟ್ರಿ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ಜೊತೆಗೂಡಿ ತಮ್ಮ ದೈವಗಳ ನೆಲೆ, ಪೂರ್ವಿಕರ ಜಾಗಗಳನ್ನು ಕಾಡಿನಲ್ಲಿ ನಡೆದು ನಕ್ಷೆಗೆ ತಂದರು. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರಿಗೆ ಸಮುದಾಯ ಹಕ್ಕು ದೊರೆಯಿತು. ತಮ್ಮ ನೆಲವನ್ನು ತಾವೇ ಗುರುತಿಸಿ ಕಾಗದದ ಮೇಲೆ ತರುವ ಆ ಕೆಲಸ ನಮ್ಮ ಕಾಡಂಚಿನ ಹಾಡಿಗಳಲ್ಲೂ ನಡೆಯಬೇಕು.

ಇದರ ಜೊತೆಗೇ ಒಂದು ಕಟ್ಟುಪಾಡು. ರೋಗ, ಸಾಲ, ಜಾತಿಯ ವಿವರವನ್ನು ಮನೆ ಮನೆಯ ಚುಕ್ಕೆಯಾಗಿ ಎಂದೂ ಪ್ರಕಟಿಸಬೇಡಿ. ಊರು ಅಥವಾ ಪಂಚಾಯಿತಿ ಮಟ್ಟಕ್ಕೆ ಒಟ್ಟುಗೂಡಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದನ್ನು ಕಾನೂನಿನ ಮಾತನ್ನಾಗಿಯೂ ಮಾಡಿದೆ. ಯಾರ ಮಾಹಿತಿ ತೆಗೆದುಕೊಂಡಿರೋ ಅವರಿಗೆ ಫಲಿತಾಂಶ ತೋರಿಸಿ.

ತೋರಿಸಲು ವೇದಿಕೆ ಸಿದ್ಧವಿದೆ. ಉದ್ಯೋಗ ಖಾತ್ರಿಯ ಕಾಮಗಾರಿಗಳಿಗೆ 2016ರಿಂದ ಜಿಯೊಟ್ಯಾಗ್ ಹಾಕಲಾಗುತ್ತಿದೆ: ಯಾವ ಕೃಷಿಹೊಂಡ, ಯಾವ ಚೆಕ್‌ಡ್ಯಾಂ ಎಲ್ಲಿದೆ ಎಂದು ಯಾರು ಬೇಕಾದರೂ ನೋಡಬಹುದು. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆ ಡ್ರೋನ್ ಹಾರಿಸಿ ಗ್ರಾಮಠಾಣಾದ ಮನೆಗಳನ್ನು ಅಳೆಯುತ್ತಿದೆ, ಪ್ರಾಯೋಗಿಕ ಹಂತದಲ್ಲೇ ಕರ್ನಾಟಕ ಅದರಲ್ಲಿತ್ತು. ಇವೆರಡನ್ನೂ ಊರಿನ ನಕ್ಷೆಯ ಮೇಲೆ ಹಾಕಿ ಪಂಚಾಯಿತಿ ಗೋಡೆಗೆ ಅಂಟಿಸಿ. ಮುಂದಿನ ಗ್ರಾಮಸಭೆಯಲ್ಲಿ ಕೇಳಿ: ಐದು ವರ್ಷದಲ್ಲಿ ಕಾಮಗಾರಿ ಬಿದ್ದ ಕೇರಿ ಯಾವುದು, ಒಂದೂ ಬೀಳದ ಕೇರಿ ಯಾವುದು? ಆ ಪ್ರಶ್ನೆಗೆ ಮುಂದಿನ ವರ್ಷದ ಕ್ರಿಯಾಯೋಜನೆಯಲ್ಲಿ ಸಾಲು ಸಾಲಾಗಿ ಉತ್ತರ ಬರೆಸಿ. ಪಿಡಿಒ, ಸದಸ್ಯರು, ವ್ಯಾಪಾರಿಗಳು, ಹಾಡಿಯ ಯಜಮಾನರು ಒಂದೇ ನಕ್ಷೆಯ ಮುಂದೆ ನಿಂತು ಮಾತಾಡುವ ಊರಿನಲ್ಲಿ ದುಡ್ಡು ದಾರಿ ತಪ್ಪುವುದು ಕಷ್ಟ.